ಬಿಳಿ ಕಟ್ಟಡಕ್ಕೆ ಬಣ್ಣದ ಬೆಳಕು: ಬಾರ್ಬರಾ ಕ್ಯಾಸ್ಟೆನ್ ಅವರ ಛಾಯಾಚಿತ್ರ ಮತ್ತು ಶಿಲ್ಪ

ಅಮೆರಿಕದ ಅಟ್ಲಾಂಟಾ ನಗರದಲ್ಲಿ 1983ರಲ್ಲಿ ಬಾಗಿಲು ತೆರೆದ ಹೈ ಮ್ಯೂಸಿಯಂ ಆಫ್ ಆರ್ಟ್ ಕಟ್ಟಡದ ಗುರುತೇ ಅದರ ಬಿಳುಪು. ವಾಸ್ತುಶಿಲ್ಪಿ ರಿಚರ್ಡ್ ಮೇಯರ್ ಹೊರಗೋಡೆಗಳಿಗೆ ಬಿಳಿ ಎನಾಮಲ್ ಲೇಪಿಸಿದ ಉಕ್ಕಿನ ಫಲಕಗಳನ್ನು ಹೊದಿಸಿದ್ದರು. ಒಳಗೆ, ಗಾಜಿನ ಸೂರಿನ ಕೆಳಗೆ, ಕಾಲುವೃತ್ತದ ಆಕಾರದ ಎತ್ತರದ ಹಜಾರ, ಅದರ ಬಾಗಿದ ಅಂಚನ್ನು ಹಿಡಿದು ಮೇಲೇರುವ ಇಳಿಜಾರು ನಡೆದಾರಿ, ಬಿಳಿ ಕಂಬ, ಬಿಳಿ ಕಟಾಂಜನ. ಹಗಲಿನ ಬೆಳಕೊಂದೇ ಈ ಕಟ್ಟಡಕ್ಕೆ ಸಾಕು, ಬೇರೆ ಬಣ್ಣದ ಅಗತ್ಯವಿಲ್ಲ ಎಂಬ ನಂಬಿಕೆಯ ಮೇಲೆ ನಿಂತ ವಿನ್ಯಾಸ ಅದು. ಐದು ವರ್ಷಗಳ ನಂತರ, 1988ರ ಆಗಸ್ಟ್ 29ರಂದು, ಬಾರ್ಬರಾ ಕ್ಯಾಸ್ಟೆನ್ ಎಂಬ ಕಲಾವಿದೆ ಇದೇ ಹಜಾರದಲ್ಲಿ ಸಿನಿಮಾ ಚಿತ್ರೀಕರಣದ ದೀಪಗಳನ್ನೂ ದೊಡ್ಡ ಕನ್ನಡಿಗಳನ್ನೂ ನಿಲ್ಲಿಸಿ ಒಂದು ಛಾಯಾಚಿತ್ರ ತೆಗೆದರು. ‘ಆರ್ಕಿಟೆಕ್ಚರಲ್ ಸೈಟ್ 17’ ಎಂದು ಹೆಸರಾದ ಆ ಚಿತ್ರದಲ್ಲಿ ಬಿಳುಪಿಗೆ ಎಡೆಯೇ ಇಲ್ಲ. ಗೋಡೆ, ಕಂಬ, ಕಟಾಂಜನಗಳೆಲ್ಲ ಗಾಢ ಬಣ್ಣಗಳಲ್ಲಿ ಅದ್ದಿ ತೆಗೆದಂತಿವೆ. ಕನ್ನಡಿಗಳು ಹಜಾರವನ್ನು ಓರೆಯಾಗಿ ಸೀಳಿ, ಯಾವುದು ನಿಜವಾದ ಗೋಡೆ, ಯಾವುದು ಪ್ರತಿಬಿಂಬ ಎಂದು ತಟ್ಟನೆ ಹೇಳಲಾಗದ ಹಾಗೆ ಮಾಡಿವೆ.

ಈಗಿನ ನೋಡುಗರಿಗೆ ಇದು ಕಂಪ್ಯೂಟರಿನಲ್ಲಿ ತಿದ್ದಿದ ಚಿತ್ರದಂತೆ ಕಾಣುವುದು ಸಹಜ. ಆದರೆ ಆ ಚಿತ್ರದಲ್ಲಿ ಕಾಣುವ ಪ್ರತಿಯೊಂದು ಬಣ್ಣವೂ ಆ ರಾತ್ರಿ ಆ ಗೋಡೆಯ ಮೇಲೆ ನಿಜವಾಗಿಯೂ ಬಿದ್ದಿತ್ತು. ಕ್ಯಾಸ್ಟೆನ್ ಅವರ ಕಲೆಯ ತಿರುಳು ಇರುವುದೇ ಇಲ್ಲಿ. ಬಣ್ಣವೆಂದರೆ ವಸ್ತುವಿಗೆ ಬಳಿದ ಲೇಪ ಎಂದು ಅವರು ಭಾವಿಸುವುದಿಲ್ಲ; ಬೆಳಕು, ವಸ್ತು, ನೋಡುವ ಕಣ್ಣು ಅಥವಾ ಕ್ಯಾಮೆರಾ, ಈ ಮೂರೂ ಒಂದು ಕ್ಷಣದಲ್ಲಿ ಕೂಡಿದಾಗ ಸಂಭವಿಸುವ ಘಟನೆ ಅದು ಎಂಬ ತಿಳಿವಳಿಕೆಯ ಮೇಲೆ ಅವರ ಐದು ದಶಕಗಳ ಕೆಲಸ ನಿಂತಿದೆ. ಈ ತಿಳಿವಳಿಕೆ, ಅಲಂಕಾರವನ್ನು ಬಿಟ್ಟು ಸರಳ ಆಕಾರ, ಗಾಜು, ಉಕ್ಕು, ಕಾಂಕ್ರೀಟುಗಳನ್ನು ನೆಚ್ಚಿದ ಇಪ್ಪತ್ತನೆಯ ಶತಮಾನದ ಆಧುನಿಕತಾವಾದಿ ವಾಸ್ತುಶಿಲ್ಪದ ಜೊತೆ ಏಕೆ ಜಗಳಕ್ಕೂ ಸ್ನೇಹಕ್ಕೂ ಇಳಿಯುತ್ತದೆ ಎಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಧುನಿಕತಾವಾದಿ ಕಟ್ಟಡವೆಂದರೆ ಬಿಳಿ ಪೆಟ್ಟಿಗೆ ಎಂಬ ಕಲ್ಪನೆ ಎಷ್ಟು ವ್ಯಾಪಕವೋ ಅಷ್ಟೇ ತಪ್ಪಾದದ್ದು. ಗೆರಿಟ್ ರೀಟ್‌ವೆಲ್ಡ್ 1924ರಲ್ಲಿ ನೆದರ್‌ಲ್ಯಾಂಡ್ಸ್‌ನ ಊಟ್ರೆಕ್ಟ್‌ನಲ್ಲಿ ಕಟ್ಟಿದ ಶ್ರೋಡರ್ ಮನೆಯಲ್ಲಿ ಕೆಂಪು, ಹಳದಿ, ನೀಲಿ ಪಟ್ಟಿಗಳೇ ಕಟ್ಟಡದ ಭಾಗಗಳನ್ನು ಒಂದರಿಂದೊಂದು ಬಿಡಿಸಿ ತೋರಿಸುತ್ತವೆ. ಬ್ರೂನೊ ಟೌಟ್ ಬರ್ಲಿನ್‌ನ ಕಾರ್ಮಿಕ ವಸತಿಗಳಿಗೆ ಗಾಢ ಬಣ್ಣ ಹೊಡೆಸಿದರು. ಲ ಕಾರ್ಬ್ಯೂಸಿಯೆ 1931ರಲ್ಲಿ ಗೋಡೆಕಾಗದದ ಕಂಪನಿಯೊಂದಕ್ಕಾಗಿ 43 ಬಣ್ಣಗಳ ಶ್ರೇಣಿಯನ್ನೇ ರೂಪಿಸಿಕೊಟ್ಟರು; ಚಂಡೀಗಢದ ಹೈಕೋರ್ಟಿನ ಮುಂದೆ ನಿಂತವರಿಗೆ ಮೊದಲು ಕಣ್ಣಿಗೆ ಬೀಳುವುದು ಪ್ರವೇಶದ್ವಾರದ ಹಸಿರು, ಹಳದಿ, ಕೆಂಪು ಬಣ್ಣದ ಭಾರಿ ಸ್ತಂಭಗಳು. ಹಾಗಿದ್ದೂ ಬಿಳುಪಿನ ಕಲ್ಪನೆ ಬೇರೂರಿತೆಂದರೆ ಅದರಲ್ಲಿ ಛಾಯಾಗ್ರಹಣದ ಪಾಲು ದೊಡ್ಡದು. 1920 ಮತ್ತು 30ರ ದಶಕದ ಪತ್ರಿಕೆಗಳಲ್ಲಿ ಈ ಕಟ್ಟಡಗಳು ಜಗತ್ತನ್ನು ಸುತ್ತಿದ್ದು ಕಪ್ಪುಬಿಳುಪು ಚಿತ್ರಗಳಾಗಿ. ತಿಳಿ ಗುಲಾಬಿಯೂ ತಿಳಿ ನೀಲಿಯೂ ಅಲ್ಲಿ ಒಂದೇ ಬೂದುಬಿಳುಪಾದವು. ಕಟ್ಟಡವನ್ನು ಕಣ್ಣಾರೆ ಕಾಣದವರು ಚಿತ್ರವನ್ನು ನೋಡಿ ತಮ್ಮ ಊರಿನಲ್ಲಿ ಬಿಳಿ ಮನೆ ಕಟ್ಟಿದರು.

ಬಣ್ಣ ಮಾತ್ರವಲ್ಲ, ಕಟ್ಟಡವನ್ನು ನೋಡುವ ರೀತಿಯನ್ನೂ ಕ್ಯಾಮೆರಾ ಗೊತ್ತುಮಾಡಿತು. 1929ರಲ್ಲಿ ಷಿಕಾಗೋದಲ್ಲಿ ಆರಂಭವಾದ ಹೆಡ್ರಿಕ್-ಬ್ಲೆಸಿಂಗ್‌ನಂಥ ಸಂಸ್ಥೆಗಳು ವಾಸ್ತುಶಿಲ್ಪ ಛಾಯಾಗ್ರಹಣಕ್ಕೆ ಒಂದು ವ್ಯಾಕರಣವನ್ನು ಕೊಟ್ಟವು. ಲಂಬ ಗೆರೆಗಳು ನೆಟ್ಟಗೆ ನಿಲ್ಲಬೇಕು, ಮೂಲೆಗಳು ಚೂಪಾಗಿರಬೇಕು, ನೆರಳು ಕಟ್ಟಡದ ಆಕಾರವನ್ನು ಸ್ಪಷ್ಟಪಡಿಸಬೇಕು, ಮನುಷ್ಯರ ಗಜಿಬಿಜಿ ಕಡಿಮೆಯಿರಬೇಕು. ಇಂಥ ಚಿತ್ರದಲ್ಲಿ ಕಟ್ಟಡ ಪ್ರಶ್ನಾತೀತವಾಗಿ, ಅದನ್ನು ಕಟ್ಟಿದವನ ಇಚ್ಛೆಯಂತೆಯೇ ಕಾಣುತ್ತದೆ. ಕ್ಯಾಸ್ಟೆನ್ ಮುರಿದದ್ದು ಈ ವ್ಯಾಕರಣವನ್ನು. ಮುರಿಯುವುದಕ್ಕೆ ಅವರು ಬಳಸಿದ ಸಲಕರಣೆಗಳು ಆಧುನಿಕತಾವಾದದ ಸ್ವಂತ ಉಗ್ರಾಣದಿಂದ ಬಂದವು ಎಂಬುದು ಈ ಕಥೆಯ ಅತ್ಯಂತ ಸ್ವಾರಸ್ಯದ ಭಾಗ.

ಕ್ಯಾಸ್ಟೆನ್ 1936ರಲ್ಲಿ ಷಿಕಾಗೋದಲ್ಲಿ ಹುಟ್ಟಿದರು. ಅವರಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಅದೇ ಊರಿನಲ್ಲಿ, ಜರ್ಮನಿಯ ಬೌಹೌಸ್‌ನಲ್ಲಿ ಪಾಠ ಮಾಡಿದ್ದ ಕಲಾವಿದ ಲಾಸ್ಲೊ ಮೊಹೊಯ್-ನಾಜ್ ‘ನ್ಯೂ ಬೌಹೌಸ್’ ಶಾಲೆಯನ್ನು ಆರಂಭಿಸಿದರು. ಕಲೆ ಮತ್ತು ವಿನ್ಯಾಸದ ಶಾಲೆಯಾದ ಮೂಲ ಬೌಹೌಸ್ 1919ರಲ್ಲಿ ವೈಮಾರ್‌ನಲ್ಲಿ ಶುರುವಾಗಿ, ನಾಜಿಗಳ ಒತ್ತಡದಲ್ಲಿ 1933ರಲ್ಲಿ ಬರ್ಲಿನ್‌ನಲ್ಲಿ ಮುಚ್ಚಿತ್ತು. ಆದರೆ ಕ್ಯಾಸ್ಟೆನ್ ಈ ಪರಂಪರೆಗೆ ಬಂದದ್ದು ಹುಟ್ಟೂರಿನ ಮೂಲಕವಲ್ಲ, ನೇಯ್ಗೆಯ ಮೂಲಕ. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿತು, ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಲ್ಲಿ ಟ್ರೂಡೆ ಗೆರ್ಮೊಂಪ್ರೆ ಎಂಬ ಜರ್ಮನ್ ಮೂಲದ ನೇಯ್ಗೆ ಕಲಾವಿದೆಯ ಕೈಕೆಳಗೆ 1970ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬೌಹೌಸ್‌ನ ನೇಯ್ಗೆ ಕಾರ್ಯಾಗಾರದಲ್ಲಿ ಬೆಳೆದ ಆನಿ ಆಲ್ಬರ್ಸ್ ಪಾಠ ಹೇಳುತ್ತಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಈ ಗೆರ್ಮೊಂಪ್ರೆ ಕೂಡ ಪಾಠ ಮಾಡಿದ್ದವರು. ಸಮಾನತೆಯ ಮಾತನಾಡುತ್ತಿದ್ದ ಬೌಹೌಸ್ ತನ್ನಲ್ಲಿಗೆ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ನೇಯ್ಗೆಯ ಕಡೆಗೇ ಕಳಿಸುತ್ತಿತ್ತೆಂಬುದು ಚರಿತ್ರೆಯ ಮಾತು. ಆ ಬದಿಯ ಬಾಗಿಲಿನಿಂದಲೇ ಬಂದ ಜ್ಞಾನ ಎರಡು ತಲೆಮಾರುಗಳ ನಂತರ ಕಟ್ಟಡಗಳನ್ನೇ ಪ್ರಶ್ನಿಸುವ ಕಲೆಯಾಗಿ ಬೆಳೆಯಿತು ಎಂಬುದನ್ನು ಮರೆಯಬಾರದು. ಮುಂದೆ ಕ್ಯಾಸ್ಟೆನ್ ಫುಲ್‌ಬ್ರೈಟ್ ಸಹಾಯಧನದ ಮೇಲೆ ಪೋಲೆಂಡ್‌ನ ಪೊಜ್ನಾನ್‌ಗೆ ಹೋಗಿ, ನಾರಿನಿಂದ ಬೃಹತ್ ಶಿಲ್ಪಗಳನ್ನು ಮಾಡುತ್ತಿದ್ದ ಮಗ್ದಲೇನಾ ಅಬಕನೋವಿಚ್ ಅವರ ಬಳಿ ಕೆಲಸ ಕಲಿತರು. ನೂಲು ನೆಲದಿಂದೆದ್ದು ಜಾಗವನ್ನು ಆಕ್ರಮಿಸಬಲ್ಲದು ಎಂಬ ಪಾಠ ಅಲ್ಲಿಯದು.

1970ರ ದಶಕದ ನಡುವಿನಲ್ಲಿ ಅವರು ಮಾಡಿದ ನೀಲಿ ಚಿತ್ರಗಳು ನೇಯ್ಗೆಗೂ ಛಾಯಾಗ್ರಹಣಕ್ಕೂ ನಡುವಿನ ಸೇತುವೆ. ಕಿಟಕಿಗೆ ಹಾಕುವ ಫೈಬರ್‌ಗ್ಲಾಸ್ ಜಾಲರಿಯನ್ನು ಮಡಿಸಿ, ಸುಕ್ಕುಗಟ್ಟಿಸಿ, ಕಬ್ಬಿಣದ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಹರಡಿ ಬೆಳಕಿಗೆ ಒಡ್ಡಿದರು. ಬೆಳಕು ತಾಗಿದಲ್ಲಿ ಕಾಗದ ಗಾಢ ನೀಲಿಯಾಯಿತು, ಜಾಲರಿ ತಡೆದಲ್ಲಿ ಬಿಳಿಯಾಗಿ ಉಳಿಯಿತು. ಕ್ಯಾಮೆರಾ ಬೇಕಾಗಲೇ ಇಲ್ಲ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಈ ಸಯನೋಟೈಪ್ ವಿಧಾನದಲ್ಲಿಯೇ ಹಲವು ದಶಕಗಳ ಕಾಲ ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿ ನಕ್ಷೆಗಳ ಪ್ರತಿ ತೆಗೆಯುತ್ತಿದ್ದರು.

1979ರ ಸುಮಾರಿಗೆ ‘ಕನ್‌ಸ್ಟ್ರಕ್ಟ್’ ಎಂಬ ಸರಣಿ ಆರಂಭವಾಯಿತು. ಸ್ಟುಡಿಯೋದ ನೆಲದ ಮೇಲೆ ಕನ್ನಡಿ, ತಂತಿ, ಪ್ಲೆಕ್ಸಿಗ್ಲಾಸ್ ಎಂಬ ಗಾಜಿನಂಥ ಪ್ಲಾಸ್ಟಿಕ್ ಹಾಳೆ, ಲೋಹದ ಜಾಲರಿ, ಶಂಕು ಮತ್ತು ಪಿರಮಿಡ್ ಆಕಾರಗಳನ್ನು ಜೋಡಿಸಿ, ಅವುಗಳ ಮೇಲೆ ಬಣ್ಣದ ದೀಪಗಳನ್ನು ಹರಿಸಿ, ದೊಡ್ಡ ಕ್ಯಾಮೆರಾದಿಂದ ಚಿತ್ರ ತೆಗೆಯುವುದು; ಚಿತ್ರವಾದ ಮೇಲೆ ಜೋಡಣೆಯನ್ನು ಬಿಚ್ಚಿಹಾಕುವುದು. ಅಲ್ಲಿ ನಿಂತದ್ದು ಒಂದು ಶಿಲ್ಪ ನಿಜ, ಆದರೆ ಅದು ಒಂದೇ ಒಂದು ಬಿಂದುವಿನಿಂದ ನೋಡುವ ಸಲುವಾಗಿ ಕಟ್ಟಿದ ಶಿಲ್ಪ. ಪೋಲರಾಯ್ಡ್ ಕಂಪನಿ ತನ್ನ ದೊಡ್ಡ ಅಳತೆಯ ತಕ್ಷಣದ ಫಿಲ್ಮನ್ನು ಕಲಾವಿದರಿಗೆ ಬಳಸಲು ಕೊಡುತ್ತಿದ್ದ ಕಾಲ ಅದು. ತೆಗೆದ ಚಿತ್ರ ಸ್ವಲ್ಪ ಹೊತ್ತಿನಲ್ಲೇ ಕೈಗೆ ಬರುತ್ತಿದ್ದುದರಿಂದ, ಅದನ್ನು ನೋಡಿ ಕನ್ನಡಿಯನ್ನು ತುಸು ಓರೆ ಮಾಡುವುದು, ದೀಪವನ್ನು ಹಿಂದಕ್ಕೆ ಸರಿಸುವುದು, ಮತ್ತೆ ತೆಗೆಯುವುದು ಸಾಧ್ಯವಾಯಿತು. ಹೀಗೆ ಚಿತ್ರವೇ ಶಿಲ್ಪವನ್ನು ತಿದ್ದುತ್ತಾ ಹೋಯಿತು. ಮೊಹೊಯ್-ನಾಜ್ 1930ರಲ್ಲಿ ಲೋಹ, ಗಾಜುಗಳಿಂದ ಒಂದು ತಿರುಗುವ ಯಂತ್ರವನ್ನು ಮಾಡಿ, ಅದರ ಮೇಲೆ ಬಣ್ಣದ ದೀಪ ಬಿಟ್ಟು ಗೋಡೆಯ ಮೇಲೆ ಚಲಿಸುವ ನೆರಳುಗಳನ್ನು ಮೂಡಿಸಿದ್ದರು. ಬೆಳಕೇ ಕಲೆಯ ಸಾಮಗ್ರಿ ಎಂಬ ಅವರ ವಾದ ಇಲ್ಲಿ ಫಿಲ್ಮಿನ ಮೇಲೆ ನಿಂತಿತು.

ಈ ಚಿತ್ರಗಳಲ್ಲಿ ಬಣ್ಣ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಉಳಿದುದೆಲ್ಲ ಇದರ ಮೇಲೆ ನಿಂತಿದೆ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಎಲ್ಲ ತರಂಗಾಂತರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುತ್ತದೆ. ದೀಪದ ಮುಂದೆ, ನಮ್ಮ ನಾಟಕದವರು ಹಿಡಿಯುವಂಥದೇ ಬಣ್ಣದ ಜೆಲಟಿನ್ ಹಾಳೆಯನ್ನು ಹಿಡಿದರೆ, ಹಾಳೆ ತನಗೆ ಬೇಡದ ತರಂಗಾಂತರಗಳನ್ನು ನುಂಗಿ ಉಳಿದುದನ್ನು ಬಿಡುತ್ತದೆ. ಬಿಳಿ ಗೋಡೆ ಬಂದ ಬಣ್ಣವನ್ನೇ ತೋರಿಸುತ್ತದೆ. ಈಗ ಎಡಗಡೆಯಿಂದ ಒಂದು ಕೆಂಪು ದೀಪ, ಬಲಗಡೆಯಿಂದ ಒಂದು ನೀಲಿ ದೀಪ, ನಡುವೆ ಒಂದು ಕಂಬ ಇದೆಯೆಂದು ಭಾವಿಸಿ. ಎರಡೂ ಬೆಳಕು ಸೇರುವಲ್ಲಿ ಗೋಡೆ ಕಡುಗುಲಾಬಿಯಾಗುತ್ತದೆ. ಕಂಬವು ಕೆಂಪು ಬೆಳಕನ್ನು ತಡೆದ ಜಾಗಕ್ಕೆ ನೀಲಿ ಬೆಳಕು ಮಾತ್ರ ತಲುಪುವುದರಿಂದ ಆ ನೆರಳು ನೀಲಿಯಾಗುತ್ತದೆ. ನೀಲಿಯನ್ನು ತಡೆದಲ್ಲಿ ಬಿದ್ದ ನೆರಳು ಕೆಂಪಾಗುತ್ತದೆ. ಅಂದರೆ ಒಂದು ಕಂಬಕ್ಕೆ ಎರಡು ನೆರಳು, ಪ್ರತಿ ನೆರಳಿಗೂ ಎದುರಾಳಿ ದೀಪದ ಬಣ್ಣ. ಮೂರನೆಯ ದೀಪವೊಂದನ್ನು ಸೇರಿಸಿ, ಒಂದೆರಡು ಕನ್ನಡಿಗಳಿಂದ ಆ ಬೆಳಕನ್ನು ಮತ್ತೆ ತಿರುಗಿಸಿದರೆ, ಒಂದೇ ಬಿಳಿ ಗೋಡೆಯ ಮೇಲೆ ಹತ್ತಾರು ಬಣ್ಣದ ತುಂಡುಗಳು ಹುಟ್ಟುತ್ತವೆ. ಆ ಗೋಡೆಗೆ ಮೊದಲೇ ಬಣ್ಣ ಹೊಡೆದಿದ್ದರೆ ಈ ಆಟ ಇಷ್ಟು ಸಲೀಸಾಗಿ ನಡೆಯುತ್ತಿರಲಿಲ್ಲ: ಕೆಂಪು ಗೋಡೆಯ ಮೇಲೆ ನೀಲಿ ಬೆಳಕು ಬಿಟ್ಟರೆ ಅದು ಕಪ್ಪಾಗಿ ಕಾಣುತ್ತದೆ. ಹಾಗಾಗಿ ಮೇಯರ್ ಅವರ ಬಿಳುಪು ಕ್ಯಾಸ್ಟೆನ್ ಅವರಿಗೆ ಅಡ್ಡಿಯಾಗಲಿಲ್ಲ. ಅವರಿಗೆ ಬೇಕಾದ ಪರದೆಯೇ ಅದಾಗಿತ್ತು.

ಕನ್ನಡಿಯ ಕೆಲಸ ಬೇರೆ. ಚೌಕಟ್ಟಿನ ಹೊರಗಿರುವ ಸೂರಿನ ತುಂಡನ್ನು ಅದು ನೆಲದ ಮೇಲೆ ತಂದು ಇಡುತ್ತದೆ. ಸ್ಥಳದಲ್ಲೇ ನಿಂತವನಿಗೆ ಕನ್ನಡಿಯ ಅಂಚು ಗೊತ್ತಾಗುತ್ತದೆ, ಎರಡು ಕಣ್ಣುಗಳ ನೋಟದಿಂದ ಆಳ ಗೊತ್ತಾಗುತ್ತದೆ; ಒಂಟಿಗಣ್ಣಿನ ಕ್ಯಾಮೆರಾಕ್ಕೆ ಆ ಅನುಕೂಲವಿಲ್ಲ. ಹತ್ತು ಅಡಿ ಹಿಂದಿರುವ ಕಂಬವೂ ಕನ್ನಡಿಯೊಳಗಿನ ಕಂಬವೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬಂದು ಕೂರುತ್ತವೆ. ಕ್ಯಾಮೆರಾದ ಈ ಕೊರತೆಯನ್ನೇ ಕ್ಯಾಸ್ಟೆನ್ ತಮ್ಮ ಶಕ್ತಿಯನ್ನಾಗಿ ಮಾಡಿಕೊಂಡರು. ಇನ್ನೊಂದು ಸಂಗತಿಯೂ ಇದೆ. ನಮ್ಮ ಕಣ್ಣು ಸುತ್ತಲಿನ ಬೆಳಕಿಗೆ ಬೇಗ ಒಗ್ಗಿಕೊಂಡು, ಹಳದಿ ದೀಪದ ಕೆಳಗಿನ ಕಾಗದವನ್ನೂ ಬಿಳಿಯೆಂದೇ ಓದುತ್ತದೆ. ಫಿಲ್ಮ್ ಹಾಗೆ ರಾಜಿಯಾಗುವುದಿಲ್ಲ, ಬಿದ್ದಷ್ಟನ್ನೂ ಬರೆದುಕೊಳ್ಳುತ್ತದೆ. ಸ್ಥಳದಲ್ಲಿದ್ದವರು ಕಂಡದ್ದಕ್ಕಿಂತ ಚಿತ್ರ ಹೆಚ್ಚು ತೀವ್ರವಾಗಿರುವುದಕ್ಕೆ ಇದೂ ಒಂದು ಕಾರಣ.

ಸ್ಟುಡಿಯೋದ ಈ ವಿದ್ಯೆಯನ್ನು 1986ರಿಂದ ಕ್ಯಾಸ್ಟೆನ್ ನಿಜವಾದ ಕಟ್ಟಡಗಳಿಗೆ ಕೊಂಡೊಯ್ದರು. ನ್ಯೂಯಾರ್ಕ್‌ನಲ್ಲಿ ಸೀಸರ್ ಪೆಲ್ಲಿ ವಿನ್ಯಾಸಗೊಳಿಸಿದ ವರ್ಲ್ಡ್ ಫೈನಾನ್ಷಿಯಲ್ ಸೆಂಟರ್, ಲಾಸ್ ಏಂಜಲೀಸ್‌ನಲ್ಲಿ ಅರಾಟ ಇಸೋಜಾಕಿ ಅವರ ಸಮಕಾಲೀನ ಕಲಾ ಸಂಗ್ರಹಾಲಯ ಮತ್ತು ಫ್ರ್ಯಾಂಕ್ ಗೆಹ್ರಿ ಅವರ ಲೊಯೊಲಾ ಕಾನೂನು ಶಾಲೆ, ಅಟ್ಲಾಂಟಾದ ಹೈ ಮ್ಯೂಸಿಯಂ. ಕೆಲವು ಆಧುನಿಕತಾವಾದದ ಮುಂದುವರಿಕೆ, ಕೆಲವು ಅದರ ವಿರುದ್ಧ ಎದ್ದ ಪೋಸ್ಟ್‌ಮಾಡರ್ನ್ ಅಲೆಯವು. ಹಣ, ಕಾನೂನು, ಕಲೆ ಎಂಬ ಅಧಿಕಾರಗಳು ತಮಗಾಗಿ ಕಟ್ಟಿಸಿಕೊಂಡ ಮನೆಗಳು ಇವು. ಕೆಲಸ ನಡೆಯುತ್ತಿದ್ದುದು ಕತ್ತಲಾದ ಮೇಲೆ, ಕಟ್ಟಡ ಖಾಲಿಯಾದಾಗ. ಜೊತೆಗೆ ಸಿನಿಮಾ ದೀಪಗಳನ್ನು ಬಲ್ಲ ತಂತ್ರಜ್ಞರ ತಂಡ, ಕನ್ನಡಿಗಳನ್ನು ಹೊತ್ತು ನಿಲ್ಲಿಸುವವರು. ಚಿತ್ರಗಳ ಹೆಸರಿನಲ್ಲಿ ಸಂಖ್ಯೆಯೂ ದಿನಾಂಕವೂ ಇರುವುದು ನನಗೆ ಬಹಳ ಅರ್ಥಪೂರ್ಣವಾಗಿ ತೋರುತ್ತದೆ. ಕಟ್ಟಡ ದಶಕಗಳ ಕಾಲ ನಿಲ್ಲುತ್ತದೆ, ಆದರೆ ಆ ಬಣ್ಣದ ಕಟ್ಟಡ ಇದ್ದದ್ದು ಆ ಒಂದು ರಾತ್ರಿ ಮಾತ್ರ.

ಮುದ್ರಣವೂ ಈ ಉದ್ದೇಶಕ್ಕೆ ತಕ್ಕುದೇ. ಸಿಬಕ್ರೋಮ್ ಎಂಬ ಕಾಗದದಲ್ಲಿ ಬಣ್ಣಗಳು ಮೊದಲೇ ಪದರಪದರವಾಗಿ ತುಂಬಿರುತ್ತಿದ್ದವು. ಸಂಸ್ಕರಣೆಯಲ್ಲಿ ಬೇಡದ ಬಣ್ಣವನ್ನು ಅಳಿಸಿ ಬೇಕಾದುದನ್ನು ಉಳಿಸುತ್ತಿದ್ದರು. ಪಾಲಿಯೆಸ್ಟರ್ ತಳದ ಮೇಲಿನ ಆ ಹೊಳಪು ಗಾಜಿನಂತಿರುತ್ತದೆ, ಬಣ್ಣ ಬೇಗ ಮಾಸುವುದಿಲ್ಲ. ಇಷ್ಟು ದೊಡ್ಡ, ಇಷ್ಟು ಹೊಳೆಯುವ ಚಿತ್ರದ ಮುಂದೆ ನಿಂತವರು ತಮ್ಮದೇ ಪ್ರತಿಬಿಂಬವನ್ನೂ ಅದರಲ್ಲಿ ಕಾಣಬೇಕಾಗುತ್ತದೆ.

ಇವು ಬರೀ ಅಲಂಕಾರ, ಎಂಬತ್ತರ ದಶಕದ ಥಳುಕಿನ ಮೋಹ ಎಂದು ತಳ್ಳಿಹಾಕುವವರ ಮಾತಿಗೆ ಉತ್ತರ ಕೊಡಲೇಬೇಕು. ಚಿತ್ರಗಳು ಕಣ್ಣಿಗೆ ಹಬ್ಬ ಎಂಬುದು ನಿಜ, ಅದಕ್ಕಾಗಿ ನಾಚಬೇಕಾಗಿಲ್ಲ. ಆದರೆ ಅಲಂಕಾರ ವಸ್ತುವನ್ನು ಇದ್ದಂತೆಯೇ ಉಳಿಸಿ ಮೇಲೊಂದು ಚೆಲುವನ್ನು ಹಚ್ಚುತ್ತದೆ. ಇಲ್ಲಿ ಆಗುವುದು ಅದಲ್ಲ. ಭಾರ ಹೊರುವ ಕಂಬ ತೇಲುವ ಪಟ್ಟಿಯಾಗುತ್ತದೆ, ಗೋಡೆ ಎಲ್ಲಿ ಮುಗಿಯಿತೆಂಬುದು ತಿಳಿಯದಾಗುತ್ತದೆ, ಹತ್ತಲು ಕಟ್ಟಿದ ಇಳಿಜಾರು ಎಲ್ಲಿಗೂ ಹೋಗದ ಗೆರೆಯಾಗುತ್ತದೆ. ಕಟ್ಟಡ ತಾನು ಹೇಳಿಕೊಳ್ಳುತ್ತಿದ್ದ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ; ಅದನ್ನು ಕಟ್ಟಿದವರ ಕೊನೆಯ ಮಾತು ಕೊನೆಯದಲ್ಲವೆಂದು ಗೊತ್ತಾಗುತ್ತದೆ. ಗುತ್ತಿಗೆ, ಕಾಂಕ್ರೀಟು, ಉಕ್ಕುಗಳ ಲೋಕದಲ್ಲಿ ಗಂಡಸರೇ ತುಂಬಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಒಂದು ರಾತ್ರಿಯ ಮಟ್ಟಿಗೆ ಇಡೀ ಹಜಾರವನ್ನು ಪುನಃ ಕಟ್ಟಿದ್ದು ಸಣ್ಣ ಸಂಗತಿಯಲ್ಲ. ಹಾಗಿದ್ದರೂ ಕ್ಯಾಸ್ಟೆನ್ ಅವರ ಒಟ್ಟು ಕೆಲಸವನ್ನು ತೋರಿಸುವ ಮೊದಲ ದೊಡ್ಡ ಪ್ರದರ್ಶನ ನಡೆದದ್ದು 2015ರಲ್ಲಿ, ಫಿಲಡೆಲ್ಫಿಯಾದ ಇನ್‌ಸ್ಟಿಟ್ಯೂಟ್ ಆಫ್ ಕಂಟೆಂಪರರಿ ಆರ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ಎಪ್ಪತ್ತೆಂಟು ದಾಟಿತ್ತು.

ಅಲ್ಲಿಂದೀಚೆಗೆ ಅವರ ಕೆಲಸ ಮತ್ತೊಂದು ತಿರುವು ಪಡೆಯಿತು. ನಾಲ್ಕು ದಶಕ ಕಾಲ ಶಿಲ್ಪವನ್ನು ಕಟ್ಟಿ, ಚಿತ್ರ ತೆಗೆದು, ಶಿಲ್ಪವನ್ನು ಬಿಚ್ಚಿಹಾಕುತ್ತಿದ್ದವರು ಈಗ ಶಿಲ್ಪವನ್ನೇ ನೋಡುಗರ ಮುಂದೆ ನಿಲ್ಲಿಸತೊಡಗಿದರು. 2017ರ ‘ಪ್ಯಾರಲಲ್ಸ್’ ಶಿಲ್ಪಗಳ ಸಾಮಗ್ರಿ ಪ್ರತಿದೀಪ್ತ ಅಕ್ರಿಲಿಕ್. ಈ ಹಾಳೆಯ ಅಂಚುಗಳು ಒಳಗೆ ದೀಪ ಇಟ್ಟಂತೆ ಉರಿಯುತ್ತವೆ, ಆದರೆ ವಿದ್ಯುತ್ತಿನ ಸಂಪರ್ಕವೇ ಇರುವುದಿಲ್ಲ. ಹಾಳೆಯಲ್ಲಿ ಬೆರೆತ ಬಣ್ಣದ ಅಣುಗಳು ಕಿರಿದಾದ ತರಂಗಾಂತರದ ಬೆಳಕನ್ನು ಹೀರಿಕೊಂಡು, ಅದಕ್ಕಿಂತ ಹಿರಿದಾದ ತರಂಗಾಂತರದ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಹೊರಸೂಸುತ್ತವೆ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 1.49 ಆದ್ದರಿಂದ, ಮೇಲ್ಮೈಗೆ ಎಳೆದ ಲಂಬರೇಖೆಯಿಂದ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಬೆಳಕು ಹೊರಗೆ ಹೋಗಲಾರದೆ ಒಳಗೇ ಪ್ರತಿಫಲಿಸುತ್ತದೆ. ಹೀಗೆ ಹುಟ್ಟಿದ ಬೆಳಕಿನ ಮುಕ್ಕಾಲು ಪಾಲು ಹಾಳೆಯ ಎರಡು ಮುಖಗಳ ನಡುವೆ ಸಿಕ್ಕಿಕೊಂಡು, ಪುಟಿಯುತ್ತಾ ಸಾಗಿ, ಕೊನೆಗೆ ಅಂಚಿನಲ್ಲಿ ಹೊರಬರುತ್ತದೆ. ದೊಡ್ಡ ಮುಖ ತಿಳಿಯಾಗಿಯೂ ತೆಳ್ಳನೆಯ ಅಂಚು ಪ್ರಖರವಾಗಿಯೂ ಇರುವುದಕ್ಕೆ ಕಾರಣ ಇದು. ವಾಸ್ತುಶಿಲ್ಪಿ ಕಾಗದದ ಮೇಲೆ ಎಳೆಯುವ ಗೆರೆ ಇಲ್ಲಿ ಬೆಳಕಿನ ಗೆರೆಯಾಗಿ ಜಾಗದಲ್ಲಿ ನಿಲ್ಲುತ್ತದೆ. ಹಿಂದೆ ಹೊರಗಿನ ದೀಪದಿಂದ ಬರುತ್ತಿದ್ದ ಬಣ್ಣ ಈಗ ಸಾಮಗ್ರಿಯೊಳಗಿಂದಲೇ ಬರುತ್ತದೆ.

2018ರಲ್ಲಿ ಕ್ಯಾಸ್ಟೆನ್ ಈ ಸಾಮಗ್ರಿಯನ್ನು ಷಿಕಾಗೋದ ಕ್ರೌನ್ ಹಾಲ್‌ಗೆ ಒಯ್ದರು. ಮೀಸ್ ವಾನ್ ಡೆರ್ ರೋ ಇಲಿನಾಯ್ ತಾಂತ್ರಿಕ ಸಂಸ್ಥೆಯ ವಾಸ್ತುಶಿಲ್ಪ ಶಾಲೆಗಾಗಿ ಕಟ್ಟಿ 1956ರಲ್ಲಿ ಮುಗಿಸಿದ ಈ ಕಟ್ಟಡದ ಹಜಾರ 220 ಅಡಿ ಉದ್ದ, 120 ಅಡಿ ಅಗಲ, 18 ಅಡಿ ಎತ್ತರ. ಛಾವಣಿಯ ಮೇಲೆ ಹಾಯ್ದಿರುವ ನಾಲ್ಕು ಭಾರಿ ಉಕ್ಕಿನ ತೊಲೆಗಳು ಛಾವಣಿಯನ್ನು ನೇತುಹಾಕಿ ಹಿಡಿದಿರುವುದರಿಂದ ಒಳಗೆ ಒಂದೂ ಕಂಬವಿಲ್ಲ. ಸುತ್ತ ಗಾಜು ಮತ್ತು ಕಪ್ಪು ಬಣ್ಣದ ಉಕ್ಕು. ಬಣ್ಣದ ವಿಷಯದಲ್ಲಿ ಇಷ್ಟು ಬಿಗಿಯಾದ ಕಟ್ಟಡ ಅಪರೂಪ. ಅಲ್ಲಿನ ವಿದ್ಯಾರ್ಥಿಗಳು ಕೆಲಸ ಮಾಡುವ ಮೇಜುಗಳನ್ನೂ ಉಜ್ವಲ ಬಣ್ಣದ ಅಕ್ರಿಲಿಕ್ ಭಾಗಗಳನ್ನೂ ಸೇರಿಸಿ ಕ್ಯಾಸ್ಟೆನ್ ಒಂದು ಪ್ರತಿಷ್ಠಾಪನಾ ಕಲಾಕೃತಿಯನ್ನು ನಿಲ್ಲಿಸಿದರು. ಅಟ್ಲಾಂಟಾದಲ್ಲಿ ಕತ್ತಲು ಬೇಕಾಗಿತ್ತು, ಇಲ್ಲಿ ಗಾಜಿನ ಗೋಡೆಯಿಂದ ಬರುವ ಹಗಲೇ ದೀಪ. ಅಲ್ಲಿ ನೋಡುಗನಿಗೆ ಕ್ಯಾಮೆರಾದ ಸ್ಥಾನವೊಂದೇ ಸಿಕ್ಕಿತ್ತು, ಇಲ್ಲಿ ಸುತ್ತ ನಡೆದು ನೋಡಬಹುದಿತ್ತು.

ಇದೇ ಅವಧಿಯ ‘ಪ್ರೋಗ್ರೆಶನ್’ ಸರಣಿಯಲ್ಲಿ ಛಾಯಾಚಿತ್ರವೂ ಶಿಲ್ಪವೂ ಒಂದೇ ವಸ್ತುವಾಗುತ್ತವೆ. ಬಣ್ಣದ ಅಕ್ರಿಲಿಕ್ ಆಕಾರಗಳನ್ನು ಜೋಡಿಸಿ ತೆಗೆದ ಛಾಯಾಚಿತ್ರದ ಮೇಲೆಯೇ ನಿಜವಾದ ಅಕ್ರಿಲಿಕ್ ತುಂಡುಗಳನ್ನು ಮುಂಚಾಚುವಂತೆ ಕೂರಿಸಲಾಗಿದೆ. ಚಿತ್ರದೊಳಗೆ ಎಂದೋ ಬಿದ್ದು ಸ್ಥಿರವಾದ ನೆರಳಿನ ಪಕ್ಕದಲ್ಲೇ, ಈಗ ಮುಂದಿರುವ ತುಂಡಿನಿಂದ ಬಣ್ಣದ ನೆರಳೊಂದು ಬೀಳುತ್ತದೆ. ಆ ಎರಡನೆಯ ನೆರಳಿನ ಉದ್ದ, ದಿಕ್ಕು, ಗಾಢತೆಗಳನ್ನು ತೀರ್ಮಾನಿಸುವುದು ಆಯಾ ಪ್ರದರ್ಶನಾಲಯದ ಸೂರಿನಲ್ಲಿರುವ ದೀಪ. ಅದನ್ನು ಒಂದು ಅಡಿ ಆಚೆ ಸರಿಸಿದರೂ ಕೃತಿ ಬದಲಾಗುತ್ತದೆ. ಹಾಗಾಗಿ ಇವನ್ನು ಪುಸ್ತಕದಲ್ಲೋ ಪರದೆಯ ಮೇಲೋ ನೋಡಿದರೆ ಅರ್ಧ ಕೃತಿ ಮಾತ್ರ ಸಿಗುತ್ತದೆ, ಉಳಿದರ್ಧಕ್ಕಾಗಿ ಅದರ ಎದುರೇ ನಿಂತು ಎಡಕ್ಕೂ ಬಲಕ್ಕೂ ನಡೆಯಬೇಕು.